ಚೆಕ್ಕುಬಂದಿ

ಪೂರ್ವಕ್ಕೆ ಮುನೀರನ ಸೈಕಲ್ ಷಾಪು,
ಪಶ್ಚಿಮಕ್ಕೆ ನ್ಯಾಯಬೆಲೆ ಅಂಗಡಿ,
ಉತ್ತರಕ್ಕೆ ನಗರಸಭೆಯ ಮೋರಿ,
ದಕ್ಷಿಣಕ್ಕೆ ಕಠಾರಿಪಾಳ್ಯದ ಅಡ್ಡರಸ್ತೆ.
ಈ ಮಧ್ಯೆ ಇರುವ ಹದಿನೆಂಟಕ್ಕೆ ಇಪ್ಪತ್ತೆರಡಡಿಯಲ್ಲಿ
ಸವರಿಮುತ್ತುವಿನ ಬೆಲ್ಜಿಯಂ ಹೋಟೆಲು.

ಇಪ್ಪತ್ತೇಳು ವರ್ಷ ಕ್ರಯಪತ್ರ ಬರೆದ ಕೈ ನನ್ನದು,
ಏನು ಹೇಳಹೊರಟರೂ
ನಾಲ್ಕು ದಿಕ್ಕಿನಿಂದಲೇ ಶುರು.

ಬೋರ್ಡು ಹಾಕಿದ ವಾರ ಜನ ಬಂದು ಕೇಳಿದರಂತೆ,
"ಬೆಳಗಾವಿಯವರೇನಪ್ಪ? ಕುಂದಾ ಇದೆಯಾ?"
ಅವನು ಚಾಂಪಿಯನ್ ರೀಫಿನವನು.
ಗಣಿ ಮುಚ್ಚಿದ ಮೇಲೆ ಹಡಗು ಹತ್ತಿ
ಗೆಂಟ್ ಎಂಬ ಊರಲ್ಲಿ ಹನ್ನೊಂದು ವರ್ಷ
ಯಾರದೋ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿದವನು.
ಚಳಿಗಾಲಕ್ಕೆ ಅಲ್ಲಿ ಐದಕ್ಕೇ ಕತ್ತಲಂತೆ,
ಅದಕ್ಕೇ ಊಟ ಅಷ್ಟು ನಿಧಾನವಂತೆ.

ಏಳು ಮೇಜು. ಗೋಡೆಗೊಂದು ಬೆಲ್ಜಿಯಂ ಕನ್ನಡಿ,
ಮುಚ್ಚಿಹೋದ ಸೆಲೂನಿನಿಂದ
ಲೂರ್ದಮ್ಮ ಚೌಕಾಸಿ ಮಾಡಿ ತಂದದ್ದು.
"ಈ ಹೋಟೆಲಲ್ಲಿ ಆ ದೇಶದ್ದು ಅಂದರೆ ಇದೊಂದೇ,
ಅದಕ್ಕೂ ಗ್ಯಾರಂಟಿ ಇಲ್ಲ" ಎಂದು ಅವಳ ನಗು.

ಮೊದಲ ಸಲ ಹೋದಾಗ ಹುಡುಗ ಕೇಳಿದ,
"ಎಷ್ಟು ಜನ, ಅಕ್ಕಾ?"
ಒಬ್ಬಳೇ, ಅಂದೆ.
"ಪಾರ್ಸೆಲ್ಲಾ?" ಅಂದ.
ಐವತ್ತು ದಾಟಿದ ಹೆಂಗಸು ಈ ಊರಲ್ಲಿ
ರಾತ್ರಿ ಒಬ್ಬಳೇ ಮೇಜಿಗೆ ಕೂತು ಉಣ್ಣುವುದು
ರಿಜಿಸ್ಟರಾಗದ ಪತ್ರದ ಹಾಗೆ,
ಸುಳ್ಳಲ್ಲ, ಆದರೆ ಯಾರೂ ಒಪ್ಪುವುದಿಲ್ಲ.
ಕೂತೆ.
ಕನ್ನಡಿಗೆ ಎದುರಾಗಿಯೇ.

ಆಲೂಗಡ್ಡೆ ಎರಡು ಸಲ ಕರಿಯುತ್ತಾನೆ ಅವನು.
ಮೊದಲು ಸಣ್ಣ ಉರಿ, ಒಳಗು ಬೇಯಲಿಕ್ಕೆ.
ಆಮೇಲೆ ತೆಗೆದು ಪೇಪರಿನ ಮೇಲೆ ಸುಮ್ಮನೆ ಹರಡಿ
ಗಿರಾಕಿ ಬರುವವರೆಗೂ ಮುಟ್ಟುವುದಿಲ್ಲ.
"ನಡುವೆ ಬಿಡೋದೇ ಕೆಲಸ, ರೈಟರಮ್ಮ.
ಅವಸರ ಮಾಡಿದರೆ ಮೆತ್ತಗಾಗುತ್ತೆ."
ಸಾಕ್ಷಿಗಳ ಸಹಿಗೆ ಕಾದು ಕಾದು
ಮರದ ಬೆಂಚು ಸವೆಸಿದವಳು, ನನಗಿದು ಹೊಸದಲ್ಲ.

ಬಿಯರಿಗೆ ಲೈಸೆನ್ಸಿಲ್ಲ. ಮಾಂಸದ ಗೊಜ್ಜಿಗೆ
ಹುಣಿಸೆ, ಕರಿಬೆಲ್ಲ ಬಿಟ್ಟು ಬಣ್ಣ ತರುತ್ತಾನೆ.
ಬ್ರೆಡ್ಡು ಬೇಡವೆಂದವರಿಗೆ ಪುಟ್ಟದೊಂದು ಮುದ್ದೆ,
ಮೆನುವಿನಲ್ಲಿಲ್ಲ, ಕಣ್ಣಲ್ಲೇ ಕೇಳಬೇಕು.

ನಿನ್ನೆ ಚಳಿ.
ಅಂತರಗಂಗೆ ಬೆಟ್ಟ ಸಂಜೆಗೇ ಮಂಕಾಗಿತ್ತು.
ಪೇಟೆಗೆ ಸೊಗಡಿನ ಅವರೆ ಇಳಿದಿದೆ,
ನಾನು ಮುಟ್ಟಿದ ಛಾಪಾಕಾಗದಕ್ಕೂ ಅದೇ ವಾಸನೆ.
ಸವರಿಮುತ್ತು ಕಪ್ಪು ಪಾತ್ರೆಯೊಂದನ್ನು ತಂದು
ನನ್ನೆದುರಿಟ್ಟು ಮುಚ್ಚಳ ತೆಗೆದ.
ಹಬೆ. ಸಿಪ್ಪೆ ಸಮೇತ ಬೆಂದ ಅವರೆಕಾಯಿ,
ಬೆಣ್ಣೆ, ಬೆಳ್ಳುಳ್ಳಿ, ಹೆಸರು ಗೊತ್ತಿಲ್ಲದೊಂದು ಸೊಪ್ಪು.

"ಅಲ್ಲಿ ಇಂಥ ಪಾತ್ರೇಲೇ ಸಮುದ್ರದ ಚಿಪ್ಪು ಕೊಡೋದು.
ಕೋಲಾರಕ್ಕೆ ಎಲ್ಲಿಂದ ತರಲಿ ಸಮುದ್ರ?"
ಎದುರಿಗೆ ಕೂತ. ತೋರಿಸಿದ:
ಮೊದಲ ಚಿಪ್ಪು ಬರಿದು ಮಾಡಿ,
ಅದನ್ನೇ ಇಕ್ಕಳದಂತೆ ಹಿಡಿದು
ಮುಂದಿನದರ ತಿರುಳು ಎಳೆದುಕೊಳ್ಳುವುದು.
ಚಮಚ ಕೇಳಿದರೆ ಅಲ್ಲಿಯವರು ನಗುತ್ತಾರಂತೆ.

ಅವರೆ ಸಿಪ್ಪೆಯಲ್ಲಿ ಅದಾಗಲಿಲ್ಲ.
ಮಡಚಿಕೊಂಡಿತು. ಕಾಳು ಚಿಮ್ಮಿ
ಅವನದೇ ಅಂಗಿ ಜೇಬಿಗೆ ಬಿತ್ತು.

ಆಗ ನಾನು ತೋರಿಸಿದೆ:
ತುದಿ ಹಿಡಿದು, ಹಲ್ಲಿಗೆ ಕೊಟ್ಟು, ಸರ್ರನೆ ಎಳೆಯುವುದು,
ನಮ್ಮವ್ವ ಎಮ್ಮೆ ಕೊಟ್ಟಿಗೆಯ ಕಟ್ಟೆ ಮೇಲೆ ತಿನ್ನುತ್ತಿದ್ದಂತೆ.
ಬೆಣ್ಣೆ ಮೊಣಕೈವರೆಗೂ ಇಳಿಯಿತು.
ಪಕ್ಕದ ಮೇಜಿನ ಹೊಸ ಜೋಡಿ ತಿರುಗಿ ನೋಡಿತು,
ಹುಡುಗಿ ಹುಡುಗನನ್ನು ಕೇಳದೇ ಕೂಗಿದಳು,
"ನಮಗೂ ಅದೇ."

ಕೈ ಸುಮ್ಮನಿರದೆ ಬಿಲ್ಲಿನ ಹಿಂದೆ ಬರೆದೆ:
ಪೂರ್ವಕ್ಕೆ ಸಿಪ್ಪೆಯ ರಾಶಿ,
ಪಶ್ಚಿಮಕ್ಕೆ ನಾಲ್ಕು ಉಳಿದ ಆಲೂಗಡ್ಡೆ,
ದಕ್ಷಿಣಕ್ಕೆ ನಾನು,
ಉತ್ತರಕ್ಕೆ ಕನ್ನಡಿಯೊಳಗೆ
ಸೆರಗಲ್ಲಿ ಬಾಯೊರೆಸಿಕೊಳ್ಳುತ್ತಿರುವ ಇನ್ನೊಬ್ಬಳು.
ಸದರಿ ಸ್ವತ್ತಿನ ಮೇಲೆ ಯಾವುದೇ ತಂಟೆ ತಕರಾರು
ಎಂಬಲ್ಲಿಗೆ ಪೆನ್ನು ಜಾರಿತು.
ಬೆಣ್ಣೆ.

ಲೂರ್ದಮ್ಮ ಬಂದು ಬಿಲ್ಲು ವಾಪಸು ಕೇಳಿದಳು,
ಲೆಕ್ಕಕ್ಕೆ ಬೇಕಂತೆ.